ಮುಚ್ಚಳಕ್ಕೆ ಕಟ್ಟಿದ ಗಂಟು

ಆ ದಿನ ಅವಳು ಹೆದರಿದ್ದು ಪೆಟ್ರೋಲಿಗೆ.

ಬೆಳಿಗ್ಗೆ ಶೆಡ್ಡಿನ ಬಾಗಿಲು ಎತ್ತಿದಾಗಲೇ ವಾಸನೆ ಮೂಗಿಗೆ ಬಡಿದಿತ್ತು. ಮೂಲೆಯಲ್ಲಿ ಅವಳ ಹೊಲಿಗೆ ಯಂತ್ರ. ನಡುವೆ ಕಬ್ಬಿಣದ ಕಾಲುಗಳ ಮೇಲೆ ಕೂತ ರೇಸಿನ ದೋಣಿ. ಉದ್ದ ಮೂತಿ, ಕೆಂಪು ಬಣ್ಣ, ಹಿಂದುಗಡೆ ಹೊಟ್ಟೆಯಲ್ಲಿ ಎರಡು ಎಂಜಿನ್. ದೋಣಿಗಳ ಸೀಟಿಗೂ ಹೊದಿಕೆಗೂ ಬಟ್ಟೆ ಹೊಲಿಯುವುದು ಅವಳ ಕೆಲಸ. ಎಂಜಿನ್ ಕೆಲಸ ಗಂಡನದು ಮತ್ತು ಮೈದುನನದು. ವಾಸನೆ ಬರುತ್ತಿದೆ ನೋಡಿ ಎಂದು ಅವಳು ಮೂರು ಸಲ ಹೇಳಿದಳು. ಗಂಡ ಒಂದೊಂದೇ ಪೈಪನ್ನು ಮೂಸಿದ. ನಿನ್ನೆ ಕೈ ಒರೆಸಿದ ಬಟ್ಟೆ ಕಣೇ ಪುಕ್ಕಲಿ ಎಂದು ಅದನ್ನು ಹೊರಗೆ ಎಸೆದ.

ಪುಕ್ಕಲಿ ಎನ್ನುವುದು ಅವನೇ ಇಟ್ಟ ಹೆಸರು. ಮದುವೆಯಾದ ಹೊಸದರಲ್ಲಿ ಇಟ್ಟದ್ದು ಇಪ್ಪತ್ತಾರು ವರ್ಷ ಉಳಿಯಿತು. ಸುಳ್ಳೇನಲ್ಲ. ತಿರುಗುವ ಬೆಲ್ಟಿಗೆ ಹೆದರುತ್ತಿದ್ದಳು. ದೋಣಿ ಎತ್ತುವ ಸರಪಳಿಗೆ ಹೆದರುತ್ತಿದ್ದಳು. ಅವನು ಅಂಗಿಯ ತೋಳು ಮಡಿಸದೆ ಎಂಜಿನ್ ಹತ್ತಿರ ಬಗ್ಗಿದರೆ ಹೊಲಿಗೆ ನಿಲ್ಲಿಸಿ ಕೂರುತ್ತಿದ್ದಳು. ನೀರಿಗೆ ಮಾತ್ರ ಹೆದರುತ್ತಿರಲಿಲ್ಲ. ಈ ಸಲದ್ದು ನೀರಿನ ಕೆಲಸ ತಾನೇ ಎಂದುಕೊಂಡಿದ್ದಳು.

ದಂಡೆಯವರೆಲ್ಲ ಅವನನ್ನು ಮೀಟರಣ್ಣ ಎನ್ನುತ್ತಿದ್ದರು. ಎಂಜಿನ್ ಮೇಲೆ ಅಂಗೈ ಇಟ್ಟು ಬಿಸಿ ಇಷ್ಟು ಎನ್ನುತ್ತಿದ್ದ. ಮೀಟರಿನ ಮುಳ್ಳು ನೋಡಿದರೆ ಅಲ್ಲೂ ಅಷ್ಟೇ ಇರುತ್ತಿತ್ತು. ಓದಿದ್ದು ನಾಲ್ಕನೇ ಕ್ಲಾಸು. ಕಬ್ಬಿಣ ಮುಟ್ಟಿ ಮುಟ್ಟಿ ಅವನ ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಕಾದ ಎಂಜಿನ್ ತಿಳಿಯುವ ಆ ಕೈಗೆ ಹೆಂಡತಿಯ ಜ್ವರ ತಿಳಿಯುತ್ತಿರಲಿಲ್ಲ. ಅವಳ ಹಣೆಗೆ ಕೆನ್ನೆ ಒತ್ತಿ ನೋಡುತ್ತಿದ್ದ.

ಹಳೆಯ ಎಂಜಿನ್‌ಗಳ ಲೆಕ್ಕ ಸುಲಭ. ಸಮುದ್ರದ ನೀರು ಒಳಗೆ ಬರುತ್ತದೆ, ಎಂಜಿನ್ನಿನ ಹೊಟ್ಟೆ ಸುತ್ತಿ ಬಿಸಿ ಹೊತ್ತುಕೊಂಡು ಆಚೆ ಹೋಗುತ್ತದೆ. ಬಿಸಿ ಏರಿತೆಂದರೆ ಮೀಟರಣ್ಣ ಮೇಲಿನ ಪೈಪು ಸಡಿಲಿಸಿ, ನೀರು ಓಡುತ್ತಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡುತ್ತಿದ್ದ. ಉಗುರುಬೆಚ್ಚಗಿನ ನೀರು ಒಸರುತ್ತಿತ್ತು, ಅಷ್ಟೇ. ಮೂವತ್ತು ವರ್ಷ ಹಾಗೇ ಮಾಡಿದ್ದ. ಆದರೆ ಉಪ್ಪು ಸುಮ್ಮನಿರಬೇಕಲ್ಲ. ಒಳಗಿಂದೊಳಗೇ ಕಬ್ಬಿಣ ತಿನ್ನುತ್ತದೆ. ಈ ದೋಣಿಯ ಎರಡು ಎಂಜಿನ್ನಿಗೂ ತುಕ್ಕು ಹತ್ತಿತ್ತು. ಇನ್ನು ಉಪ್ಪುನೀರು ಒಳಗೆ ಹೋಗಕೂಡದು, ನೀರು ಒಳಗೇ ಸುತ್ತುವ ಹಾಗೆ ಮಾಡಿಕೊಡಿ ಎಂದು ಮಾಲೀಕ ಹೊಸ ಸಾಮಾನಿನ ಪೆಟ್ಟಿಗೆ ತಂದು ಇಳಿಸಿದ್ದ.

ಮೀಟರಣ್ಣ ಅವಳಿಗೆ ಬಿಡಿಸಿ ಹೇಳಿದ.

“ಒಂದೇ ಗೋಡೆಯ ಎರಡು ಮನೆ ಅಂದ್ಕೋ. ಈ ಕಡೆ ಎಂಜಿನ್ನಿನ ಹಸಿರು ನೀರು, ತುಕ್ಕು ಹಿಡಿಯದ ಹಾಗೆ ಮದ್ದು ಬೆರೆಸಿದ್ದು. ಆ ಕಡೆ ಉಪ್ಪುನೀರು. ಬಿಸಿ ಗೋಡೆ ದಾಟುತ್ತೆ. ನೀರು ದಾಟಲ್ಲ.”

“ಮಾತು ಬಿಟ್ಟ ಓರಗಿತ್ತಿಯರ ಹಾಗೆ,” ಎಂದಳು ಅವಳು.

ಅವನು ಕೈಲಿದ್ದ ಸ್ಪಾನರ್ ಕೆಳಗಿಟ್ಟು ನಕ್ಕ. ಅವತ್ತಿನಿಂದ ಶೆಡ್ಡಿನಲ್ಲಿ ಎಡಗಡೆಯ ಎಂಜಿನ್ ಹಿರಿಸೊಸೆ, ಬಲಗಡೆಯದು ಕಿರಿಸೊಸೆ.

ಒಳಗೇ ಸುತ್ತುವ ನೀರಿಗೆ ಒತ್ತಡ ಜಾಸ್ತಿ. ಮೇಲೊಂದು ಮುಚ್ಚಳ, ಕುಕ್ಕರಿನ ಹಾಗೆ ಬಿಗಿ. ಬಿಸಿಯಲ್ಲಿ ಅದನ್ನು ತೆಗೆಯಬಾರದು. ತಮ್ಮನಿಗೆ ಇದನ್ನು ದಿನಕ್ಕೆ ಮೂರು ಸಲ ಹೇಳಿದವನು ಮೀಟರಣ್ಣನೇ. ಬಿಸಿ ಇದ್ದಾಗ ಮುಟ್ಟಿದರೆ ಮೊದಲು ನಿನ್ನ ಕೈ ಮುರಿಯುವವನು ನಾನು ಎನ್ನುತ್ತಿದ್ದ.

ಪೆಟ್ರೋಲ್ ವಾಸನೆ ಬಂದ ದಿನ ಸಂಜೆ ಹಿರಿಸೊಸೆ ಒಂದು ಗಂಟೆ ಓಡಿದಳು. ಮುಳ್ಳು ಅಲುಗಲಿಲ್ಲ. ಮನೆಗೆ ನಡೆದು ಬಂದರು. ಅವನು ಉಂಡು ಮಲಗಿದ, ಗೊರಕೆ ಹೊಡೆದ. ಅವಳು ಎದ್ದು ಒಲೆ ಆರಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದಳು.

ಮರುದಿನ ಕಿರಿಸೊಸೆಯ ಸರದಿ. ದೋಣಿ ನೆಲದ ಮೇಲಿದ್ದುದರಿಂದ ಸಮುದ್ರದ ನೀರಿನ ಬದಲು ನಲ್ಲಿಯ ಪೈಪು ಕೊಟ್ಟರು. ಎಂಜಿನ್ ಚಾಲೂ ಆಯಿತು. ಇಪ್ಪತ್ತು ನಿಮಿಷ ಆಗಿರಬೇಕು, ಮುಳ್ಳು ಏರುತ್ತಿದೆ ಎಂದು ಮೈದುನ ಕೂಗಿ ಹೇಳಿದ. ಮೀಟರಣ್ಣ ಆರಿಸು ಎಂದು ಕೈಸನ್ನೆ ಮಾಡಿದ. ಎಂಜಿನ್ ಆರಿತು. ಅವನು ಬಗ್ಗಿ ಅಂಗೈ ಇಟ್ಟ. ಅವಳು ನೋಡಿದಳು. ಬೆಲ್ಟು ನಿಂತಿದೆ, ತೋಳು ಮಡಿಸಿದ್ದಾನೆ. ಇನ್ನೇನು ಹೆದರಿಕೆ ಎಂದು ಸೂಜಿಯ ಕಡೆ ತಿರುಗಿದಳು.

ನೀರು ಓಡುತ್ತಿದೆಯೋ ಇಲ್ಲವೋ ನೋಡಲು ಅವನ ಕೈ ಮೇಲಕ್ಕೆ ಹೋಯಿತು. ಮೂವತ್ತು ವರ್ಷ ಹೋದ ಜಾಗಕ್ಕೇ ಹೋಯಿತು. ಅಲ್ಲಿ ಈಗ ಪೈಪು ಇರಲಿಲ್ಲ, ಮುಚ್ಚಳ ಇತ್ತು. ಕೈ ಅದನ್ನೇ ತಿರುಗಿಸಿತು.

ದಪ್ಪ ಬಟ್ಟೆ ಹರಿದಂಥ ಸದ್ದು. ಶೆಡ್ಡಿನ ತುಂಬ ಬಿಳಿ ಹಬೆ. ಅವನು ಕೂಗಲಿಲ್ಲ. ಕೂಗಿದ್ದರೆ ಎಲ್ಲಿದ್ದಾನೆಂದು ಗೊತ್ತಾಗುತ್ತಿತ್ತು. ಅವಳು ತಡವರಿಸಿಕೊಂಡು ಹೋದಳು. ಮೈದುನ ನಲ್ಲಿಯ ಪೈಪು ಕಿತ್ತು ತಂದು ಅಣ್ಣನ ಮೇಲೆ ಹಿಡಿದ. ಮುಖ, ಕುತ್ತಿಗೆ, ಎದೆ. ಹಸಿರು ನೀರು ಅಂಗಿಯಿಂದ ಇಳಿಯುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಕಣ್ಣು, ಬಾಯಿ, ಹಣೆ ಬಿಟ್ಟು ಉಳಿದದ್ದೆಲ್ಲ ಪಟ್ಟಿ. ಅವಳು ಹೊರಗಿನ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲು ತೆರೆದರೆ ಭಯ, ಬಹಳ ಹೊತ್ತು ತೆರೆಯದಿದ್ದರೂ ಭಯ. ಎರಡನೇ ದಿನ ಒಳಗೆ ಬಿಟ್ಟರು. ಕಿರಿಸೊಸೆ ಯಾಕೆ ಕಾದಳಂತೆ ಎಂದು ಅವನು ಮೊದಲು ಕೇಳಿದ. ತಮ್ಮ ಬಿಚ್ಚಿ ನೋಡಿದ್ದ. ಒಳಗಿನ ಹಳೇ ತುಕ್ಕು ಹಸಿರು ನೀರಿಗೆ ಎದ್ದು ಬಂದು ಹೊಸ ಕೊಳವೆಗಳಲ್ಲಿ ಸಿಕ್ಕಿಕೊಂಡಿತ್ತು. ಅವಳು ಅದನ್ನು ಹೇಳಿದಳು. ಅವನು ಕಣ್ಣು ಮುಚ್ಚಿದ. ಇನ್ನೆರಡು ಸಲ ತೊಳೆಯಬೇಕಿತ್ತು ಎಂದ.

ಆಮೇಲೆ ಅಂದ, “ಮುಚ್ಚಳ ತೆಗೀಬಾರದು ಅಂತ ಗೊತ್ತಿತ್ತು ಕಣೇ. ಗೊತ್ತಿದ್ದೂ ಹೋಯ್ತು ಕೈ.”

ಏಳನೇ ದಿನ ಜ್ವರ ಬಂತು. ನರ್ಸು ಬರುವ ಮುಂಚೆಯೇ ಅವಳಿಗೆ ಗೊತ್ತಾಯಿತು, ಅವನ ಹಣೆಗೆ ಕೆನ್ನೆ ಇಟ್ಟಿದ್ದಳು. ನಂಜು ರಕ್ತಕ್ಕೆ ಇಳಿದಿದೆ ಎಂದರು ಡಾಕ್ಟರು. ಹನ್ನೊಂದನೇ ದಿನ ಬೆಳಿಗ್ಗೆ ಅವನು ಹೋದ.

ತಿಂಗಳ ಮೇಲೆ ಮೈದುನ ಶೆಡ್ಡು ತೆಗೆದ. ತೆಗೆಯದೆ ಏನು ಮಾಡುತ್ತಾನೆ, ಎರಡು ಮನೆಯ ಒಲೆ ಅದರಿಂದಲೇ ಉರಿಯಬೇಕು. ಇವನೂ ಹೋದರೆ ಎಂಬ ಒಂದೇ ಯೋಚನೆ ಅವಳಿಗೆ. ಹೊಲಿಗೆ ಯಂತ್ರವನ್ನು ದೋಣಿಯ ಕಡೆಗೆ ತಿರುಗಿಸಿಕೊಂಡಳು. ಎಂಜಿನ್ ಕಾಯುತ್ತಿದ್ದಂತೆ ಅವಳ ಕಣ್ಣು ಬಟ್ಟೆ ಬಿಟ್ಟು ಮುಚ್ಚಳಕ್ಕೆ ಹೋಗುತ್ತಿತ್ತು. ಸೂಜಿ ಎರಡು ಸಲ ಬೆರಳಿಗೇ ಇಳಿಯಿತು. ನೀವು ಹೀಗೆ ನೋಡ್ತಾ ಕೂತರೆ ನನಗೆ ಕೆಲಸ ಸಾಗಲ್ಲ ಅತ್ತಿಗೆ, ಮನೆಗೆ ಹೋಗಿ ಎಂದ ಮೈದುನ. ಅವಳು ಹೋಗಲಿಲ್ಲ.

ಕೊಳವೆಗಳನ್ನೆಲ್ಲ ತೊಳೆದು ಕಿರಿಸೊಸೆಯನ್ನು ಮತ್ತೆ ಓಡಿಸಿದ ದಿನ. ಅರ್ಧ ಗಂಟೆ ಚೆನ್ನಾಗಿಯೇ ಓಡಿತು. ಆರಿಸಿದ ಮೇಲೆ ಎಲ್ಲಿಂದಲೋ ಒಂದು ತೊಟ್ಟು ನೀರು ಬಿತ್ತು. ಮೈದುನ ಎಲ್ಲಿಂದ ಎಂದು ಬಗ್ಗಿದ. ಎಡಗೈಯಲ್ಲಿ ಟಾರ್ಚು. ಕಣ್ಣು ಕೆಳಗೆ, ತೊಟ್ಟಿನ ಮೇಲೆ. ಬಲಗೈ ಮಾತ್ರ ಮೆಲ್ಲಗೆ ಮೇಲಕ್ಕೆ ಹೊರಟಿತ್ತು.

ಅವಳು ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ಅವನ ಮಣಿಕಟ್ಟು ಹಿಡಿದಿದ್ದಳು. ಬೆರಳುಗಳು ಮುಚ್ಚಳದ ಮೇಲೆ ಆಗಲೇ ಕೂತಿದ್ದವು.

“ನಾನು ತೆಗೆಯೋಕೆ ಹೋಗಲಿಲ್ಲ ಅತ್ತಿಗೆ,” ಎಂದ. ಮುಖ ಸುಣ್ಣವಾಗಿತ್ತು. “ಕೈ ತಾನೇ ಹೋಯ್ತು.”

ಅವನು ನೆಲದ ಮೇಲೆ ಕೂತುಬಿಟ್ಟ. ಅವಳೂ ಕೂತಳು. ಆ ಕೈಗೆ ಕೆಲಸ ಕಲಿಸಿದವನು ಅಣ್ಣನೇ. ಬೈದರೆ ಬುದ್ಧಿಗೆ ಕೇಳಿಸುತ್ತದೆ, ಕೈಗೆ ಕಿವಿ ಎಲ್ಲಿದೆ? ಇದು ಅವಳಿಗೆ ಅಲ್ಲಿ ಕೂತಾಗ ಹೊಳೆಯಿತು.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದಳು. ದೋಣಿ ಹೊದಿಕೆಯ ಕ್ಯಾನ್ವಾಸಿನಿಂದ ಎರಡು ಪಟ್ಟಿ ಕತ್ತರಿಸಿ, ಎರಡೂ ಎಂಜಿನ್ನಿನ ಮುಚ್ಚಳಗಳ ಮೇಲೆ ಹಾಯಿಸಿ, ಕೆಳಗಿನ ಕಬ್ಬಿಣಕ್ಕೆ ಸುತ್ತಿ, ಹಲ್ಲು ಕಚ್ಚಿ ಗಂಟು ಹಾಕಿದಳು. ಅವಳ ಗಂಟು ಬಿಚ್ಚುವುದು ಸುಲಭವಲ್ಲ.

“ಇದನ್ನ ಬಿಚ್ಚೋಕೆ ಎರಡು ಕೈ ಬೇಕು,” ಎಂದಳು. “ಎರಡನೇ ಕೈ ಬರೋ ಹೊತ್ತಿಗೆ ಬುದ್ಧಿನೂ ಬಂದಿರುತ್ತೆ.”

ಮೈದುನ ಒಂದು ಕೈಯಲ್ಲಿ ಗಂಟು ಎಳೆದು ನೋಡಿದ. ಸೊಸೆಯರಿಗೆ ತುರುಬು ಕಟ್ಟಿದ ಹಾಗಿದೆ ಎಂದ. ನಗಲು ಹೋಗಿ ಅತ್ತ.

ಕೆಂಪು ದೋಣಿ ನೀರಿಗಿಳಿದು ಎರಡು ವರ್ಷವಾಯಿತು. ಅದೇ ಕೆಲಸಕ್ಕೆ ಬೇರೆ ದೋಣಿಗಳು ಬರುತ್ತವೆ. ಒಂದೊಂದು ಸಲ ಮೂರು, ನಾಲ್ಕು ಸಾಲಾಗಿ ನಿಂತಿರುತ್ತವೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳು ಶೆಡ್ಡಿಗೆ ಹೋಗುತ್ತಾಳೆ. ಎಂಜಿನ್ನಿನ ಚಾವಿಗಳು ಅವಳ ಹತ್ತಿರವೇ ಇರುತ್ತವೆ, ಮುಚ್ಚಳ ತೆಗೆದು ನೋಡುವ ಕೆಲಸವೂ ಈಗ ಅವಳದೇ. ಏಣಿ ಹತ್ತಿ ಕಬ್ಬಿಣದ ಮೇಲೆ ಎರಡೂ ಅಂಗೈ ಇಟ್ಟು ಇಪ್ಪತ್ತರವರೆಗೆ ಎಣಿಸುತ್ತಾಳೆ. ರಾತ್ರಿಯೆಲ್ಲ ಆರಿದ ಎಂಜಿನ್, ಮಂಜುಗಡ್ಡೆಯಂತೆ ತಣ್ಣಗಿರುತ್ತದೆ. ಆದರೂ ಎಣಿಸುತ್ತಾಳೆ. ಗಂಟು ಬಿಚ್ಚುತ್ತಾಳೆ. ಮುಖ ಆ ಕಡೆ ತಿರುಗಿಸಿಕೊಂಡು ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸುತ್ತಾಳೆ. ಅಲ್ಲಿ ಉಸಿರು ನಿಲ್ಲುತ್ತದೆ, ದಿನವೂ. ಏನೂ ಆಗುವುದಿಲ್ಲ. ಒಳಗೆ ಇಣುಕಿ ಹಸಿರು ನೀರು ಕತ್ತಿನವರೆಗೆ ಇದೆಯೇ ನೋಡುತ್ತಾಳೆ. ಕಡಿಮೆಯಿದ್ದರೆ ಕ್ಯಾನಿನಿಂದ ಸುರಿಯುತ್ತಾಳೆ. ಮುಚ್ಚಿ, ಬಿಗಿದು, ಮತ್ತೆ ಗಂಟು ಹಾಕುತ್ತಾಳೆ. ಎಳೆದು ನೋಡುತ್ತಾಳೆ.

ಆಮೇಲೆ ಕೆಳಗಿಳಿದು ಮೈದುನನಿಗೆ ಚಾವಿ ಕೊಡುತ್ತಾಳೆ.