ಮೂರನೇ ಬೊಟ್ಟಿನ ಅಳತೆ

ಕಾಶಮ್ಮತ್ತೆಯ ಎಡಗೈ ಮೇಲೆ ಮಣಿಕಟ್ಟಿನಿಂದ ಮೊಣಕೈಯತ್ತ ಸಾಲಾಗಿ ಐದು ಹಚ್ಚೆಬೊಟ್ಟುಗಳಿದ್ದವು. ಮದುವೆಗೆ ಮೊದಲು ಚಂದಕ್ಕೆಂದು ಹಾಕಿಸಿದ್ದು. ಚಂದ್ರಂಪಳ್ಳಿ ಜಲಾಶಯದ ಮೀನು ಅಳೆಯಲು ಆಕೆಗೆ ಬೇರೆ ಪಟ್ಟಿ ಬೇಕಿರಲಿಲ್ಲ.

ಆಕೆ ನನ್ನ ಅಪ್ಪನ ಅಕ್ಕ. ಮೀನು ತತ್ತಿಯಿಡುವ ಮಳೆಗಾಲದಲ್ಲೂ ಗುತ್ತಿಗೆದಾರನ ಮೋಟರ್ ದೋಣಿ ತಳ ಗುಡಿಸುವ ಸಣ್ಣ ಕಣ್ಣಿನ ಬಲೆ ಎಳೆಯುತ್ತಿತ್ತು. ದೊಡ್ಡ ಮೀನು ಲಾರಿಗೆ; ಜೊತೆಗೆ ಸಿಕ್ಕ ಸಣ್ಣದೆಲ್ಲ ಕಸವೆಂದು ದಂಡೆಗೆ. ಅತ್ತೆ ಆ ರಾಶಿಯ ಮುಂದೆ ಕೂತು ಒಂದೊಂದನ್ನೇ ಕೈಮೇಲೆ ಮಲಗಿಸುತ್ತಿದ್ದಳು. ಮೂತಿ ಮಣಿಕಟ್ಟಿಗೆ, ಬಾಲ ಎಲ್ಲಿಗೆ ಬಂತೋ ಅಲ್ಲಿಗೆ. ಆಮೇಲೆ ಹೆಬ್ಬೆರಳ ಉಗುರಿನಿಂದ ಹೊಟ್ಟೆ ಸೀಳಿ ತತ್ತಿ ಹುಡುಕುತ್ತಿದ್ದಳು. ಬರೆಯುವ ಕೆಲಸ ನನ್ನದು.

ಮೊದಲ ಸೋಮವಾರ ನಾನು ಉದ್ದವಷ್ಟೇ ಬರೆದು ಸರಾಸರಿ ತೆಗೆದು ತೋರಿಸಿದೆ. ಅತ್ತೆ ನನ್ನ ಪುಸ್ತಕ ಮುಚ್ಚಿದಳು.

“ಬರೀ ಉದ್ದ ಬರ್ದು ಏನ್ ಮಾಡ್ತಿ? ಮೂರನೇ ಬೊಟ್ಟು ಮುಟ್ಟಿದ್ರ ತತ್ತಿ ಇರ್ತಾವ. ಮುಟ್ಟಲಿಲ್ಲಂದ್ರ ಅದಿನ್ನಾ ಕೂಸು. ಕೂಸೆಷ್ಟು, ತಾಯಿ ಎಷ್ಟು, ಅದು ಬರಿ.”

ಅಂದಿನಿಂದ ಪುಸ್ತಕದಲ್ಲಿ ಎರಡು ಸಾಲು. ವಾರಕ್ಕೊಂದು ಬುಟ್ಟಿ, ಏಳು ಸೋಮವಾರ. ಮೊದಲ ಬುಟ್ಟಿಯಲ್ಲಿ ತಾಯಿ ಮೂವತ್ತೊಂದು, ಏಳನೆಯದರಲ್ಲಿ ನಾಲ್ಕು.

ಎಂಟನೇ ಸೋಮವಾರ ಮೀನುಗಾರರ ಸಂಘದ ಸಭೆ. ಬಲೆಯಿಂದ ಹಾನಿಯಿಲ್ಲವೆಂಬ ಕಾಗದವನ್ನು ಎಲ್ಲ ಸದಸ್ಯರೂ ಒಪ್ಪಿದರಷ್ಟೇ ಬಲೆ ಮುಂದುವರಿಯುತ್ತಿತ್ತು. ಇಪ್ಪತ್ತೆರಡು ಸಹಿ ಬಿದ್ದವು; ಉಳಿದದ್ದು ಅತ್ತೆಯ ಹೆಬ್ಬೆಟ್ಟು. ಗುತ್ತಿಗೆದಾರನ ಮುನೀಮ ಮಸಿ ಡಬ್ಬಿಯನ್ನು ಅತ್ತೆಯ ಮುಂದೆ ಸರಿಸಿ, ಕೈಮೇಲಿನ ಬೊಟ್ಟು ಯಾವ ಸರ್ಕಾರದ ಅಳತೆ ಎಂದು ಕೇಳಿದ. ಜನ ನಕ್ಕರು. ಅತ್ತೆಯೂ ನಕ್ಕು, ಆ ಬೆಳಗಿನ ಬುಟ್ಟಿಯನ್ನು ಕಾಗದದ ಮೇಲೇ ಮಗುಚಿದಳು. ಅದನ್ನು ನಾವಿನ್ನೂ ಎಣಿಸಿರಲಿಲ್ಲ.

“ನೀವೇ ಸೀಳ್ರಿ ಸಾಹೇಬ್ರ. ಒಂದ್ರಾಗರೆ ತತ್ತಿ ತೋರಿಸ್ರಿ, ಹೆಬ್ಬಟ್ಟು ಒತ್ತತೀನಿ.”

ಆತ ಒಂಬತ್ತು ಸೀಳಿದ; ಒಂದರಲ್ಲೂ ತತ್ತಿಯಿರಲಿಲ್ಲ. ಹತ್ತನೆಯದನ್ನು ಬಿಟ್ಟು ಕೈ ಒರೆಸಿಕೊಂಡ. ಉಳಿದವನ್ನು ನಾವು ಮನೆಯಲ್ಲಿ ಸೀಳಿದಾಗ ತಾಯಿ ಎರಡು ಸಿಕ್ಕವು. ನಾನು ಬರೆಯದೆ ಪೆನ್ನು ಎತ್ತಿ ಹಿಡಿದೆ. “ಬರಿ, ಅದೂ ಬರಿ,” ಎಂದಳು.

ಆ ವರ್ಷ ಬಲೆ ನಿಂತಿತು. ಆ ದೋಣಿಯ ಕೂಲಿ ನಂಬಿದ್ದ ಎರಡು ಮನೆಯವರು ಅತ್ತೆಯೊಂದಿಗೆ ಮಾತು ಬಿಟ್ಟರು. ಮೀನು ಸಿಗಲಿ, ತಾವೇ ಬರುತ್ತಾರೆ ಎಂದಳು.

ಕಡೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದಳು. ತೋಳು ಸೊರಗಿತ್ತು. ಬಿದಿರ ಕಡ್ಡಿಯೊಂದನ್ನು ತರಿಸಿ ಕೈಪಕ್ಕ ಇಡಿಸಿಕೊಂಡಳು.

“ಗುರ್ತು ಹಾಕ್ಕೋ. ಈ ಕೈ ನನ್ನ ಜೋಡಿ ಹೋಗ್ತದ.”

ಐದು ಗೀರು ಹಾಕಿಕೊಂಡೆ. ನಾಲ್ಕನೇ ದಿನ ಹೋದಳು.

ಸಂಘದಲ್ಲಿ ಆಕೆಯ ಜಾಗ ಈಗ ನನ್ನದು. ಮೊನ್ನೆ ಸೋಮವಾರ ಅದೇ ಮುನೀಮ ಹೊಸ ಕಾಗದ ತಂದ. ಮುದುಕಿ ಇಲ್ಲವಲ್ಲ, ಈ ಸಲ ಬೇಗ ಮುಗಿಯುತ್ತದೆ ಎಂದ. ನಾನು ಕಾಗದದ ಮೇಲೆ ಬಿದಿರ ಕಡ್ಡಿ ಇಟ್ಟೆ.

“ಬುಟ್ಟಿ ತರಸ್ರಿ,” ಎಂದೆ.