ದೇವಿಯ ಸೀರೆ ಕಾಯುವವಳು

ಪ್ರತಿದಿನ ಬೆಳಿಗ್ಗೆ ಅಮೆರಿಕದ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಬಂದೊಡನೆ ಸುಗುಣ ಉಂಗುರ ಬಿಚ್ಚಿಟ್ಟು ಕೈ ತೊಳೆಯುತ್ತಾಳೆ. ದೇವಿಯ ರೇಷ್ಮೆ ಸೀರೆಯ ಎಳೆ ಅದಕ್ಕೆ ಸಿಕ್ಕಬಾರದಲ್ಲ. ಇಂಗ್ಲೆಂಡಿನ ರಾಣಿಯ ಉಡುಪು ನೋಡಿಕೊಳ್ಳುತ್ತಿದ್ದ ದೊಡ್ಡ ಮನೆತನದ ಹೆಂಗಸರೂ ಇವಳ ಮುಂದೆ ಏನೂ ಅಲ್ಲ. ಒಂದು ನೆರಿಗೆ ಓರೆಯಾದರೂ ದೇವಿಯ ಕ್ಷಮೆ ಕೇಳುತ್ತಾಳೆ. ದೇವಿಗೆ ಸೀರೆ ಒಪ್ಪಿಸಿದವರಲ್ಲಿ ಯಾರ ಹರಕೆ ಏನೆಂದು ವಿಚಾರಿಸಿದರೆ, “ಅರಮನೆ ಮಾತು ಕಣ್ರೀ, ಹೊರಗೆ ಹೇಳೋ ಹಾಗಿಲ್ಲ” ಎನ್ನುತ್ತಾಳೆ. ತುಮಕೂರಿನಲ್ಲಿ ಟೀಚರ್ ಆಗಿದ್ದವಳು, ಗಂಡನ ವೀಸಾದ ಮೇಲೆ ಬಂದಿದ್ದರಿಂದ ಇಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಗ್ರೀನ್ ಕಾರ್ಡಿಗೆಂದು ಹರಸಿಕೊಂಡ ಅವಳ ಸೀರೆ ಮೂರು ವರ್ಷದಿಂದ ಪೆಟ್ಟಿಗೆಯ ತಳದಲ್ಲೇ ಇದೆ. ಬೇರೆಯವರದನ್ನೆಲ್ಲ ಅದರ ಮೇಲೆ ಇಡುತ್ತಾಳೆ. ಮೊನ್ನೆ ಅರ್ಚಕರು, “ಈ ಶುಕ್ರವಾರ ಅಮ್ಮನವರಿಗೆ ನಿಮ್ಮದೇ ಉಡಿಸೋಣಮ್ಮ” ಎಂದರು. “ಬೇಡ ಸ್ವಾಮಿ, ಹೊಸದಾಗಿ ಹರಕೆ ಸೀರೆ ಕೊಟ್ಟಳಲ್ಲ, ಆ ಲಾವಣ್ಯಂದು ಉಡಿಸಿ. ಅವಳಿಗೆ ಅವಸರ, ಯಾಕೆ ಅಂತ ಕೇಳಬೇಡಿ. ನನ್ನ ಸರದಿ ಬಂದೇ ಬರುತ್ತೆ, ಅಮ್ಮ ಎಲ್ಲಿಗೆ ಹೋಗ್ತಾಳೆ?”