ಜೋಗುಳಕ್ಕೆ ಚಪ್ಪಾಳೆ

ಮಕ್ಕಳಿಗೆ ಹಾಡು ಕಟ್ಟುವ ನಮ್ಮ ಹಾರ್ಮೋನಿಯಂ ಮಾಮನಿಗೆ ಮೂಗಿನ ತುದಿಯಲ್ಲೇ ಕೋಪ. "ದೊಡ್ಡವರಿಗೆ ಯಾವಾಗ ಹಾಡ್ತೀರಿ?" ಎಂದು ಕೇಳಿದರೆ ಮುಗಿಯಿತು: "ದೊಡ್ಡವರು ಬೇಜಾರಾದ್ರೂ ತಲೆಯಾಡಿಸ್ತಾರೆ ಕಣ್ರೀ, ಮಕ್ಕಳು ಎದ್ದು ಹೋಗ್ತವೆ!" ಶ್ರುತಿಯನ್ನು ಮಕ್ಕಳ ಗಂಟಲಿಗೆ ಹೊಂದಿಸಿ ತಮ್ಮ ಗಂಟಲು ಹರಿದುಕೊಳ್ಳುತ್ತಾರೆ, ನಕ್ಕವರಿಗೂ ಬೈಗುಳ ತಪ್ಪಿದ್ದಲ್ಲ. ಆದರೆ ಅವರು ನಿಜಕ್ಕೂ ಕೆಂಡವಾಗುವುದು ಜೋಗುಳಕ್ಕೆ ಚಪ್ಪಾಳೆ ತಟ್ಟುವವರ ಮೇಲೆ. ಮೊನ್ನೆ ಶಾಲೆಯ ಸಭಾಂಗಣದಲ್ಲಿ ಅವರ ಜೋಗುಳ ಮುಗಿಯುತ್ತಲೇ ಎಲ್ಲರೂ ತಟ್ಟಿಯೇಬಿಟ್ಟೆವು. ಮಾಮ ಸಟ್ಟನೆ ಎದ್ದರು. ಮುಖ ಕೆಂಪೇರಿತ್ತು, ಬೈದದ್ದು ಮಾತ್ರ ಪಿಸುದನಿಯಲ್ಲಿ: "ಬುದ್ಧಿ ಇದೆಯೇನ್ರೀ? ಎದ್ರೆ ನೀವು ಮಲಗಿಸ್ತೀರಾ?" ಆಗಲೇ ನಾವು ತಿರುಗಿ ನೋಡಿದ್ದು: ಮೂರನೇ ಸಾಲಿನಲ್ಲಿ ತಾಯಿಯ ಹೆಗಲ ಮೇಲೆ ಒಂದೇ ಒಂದು ಮಗು ನಿದ್ದೆಹೋಗಿತ್ತು. ಮಾಮ ತಮ್ಮ ಕಿರುಗುಟ್ಟುವ ಬೂಟು ಕಳಚಿ ಕಂಕುಳಲ್ಲಿಟ್ಟುಕೊಂಡು, ನಮ್ಮನ್ನೆಲ್ಲ ದುರುಗುಟ್ಟಿ ನೋಡುತ್ತಾ, ಬರಿಗಾಲಲ್ಲಿ ಹೊರಗೆ ನಡೆದರು.